ಕಿವಿಗೆ ಒತ್ತಿದ ಮುದ್ದೆ

ತೋಕುಜಿಯ ಎರಡೂ ಕಿವಿ ಗುಗ್ಗೆ ಕಟ್ಟಿ ಮುಚ್ಚಿಹೋಗಿ ಎರಡು ತಿಂಗಳಾಗಿತ್ತು. ವಯಸ್ಸು ಎಪ್ಪತ್ತೊಂಬತ್ತು, ಕಿವಿ ಮೊದಲೇ ಮಂದ. ಅದರ ಮೇಲೆ ಗುಗ್ಗೆಯೂ ಸೇರಿ, ಹೆಂಡತಿ ಫುಸಾಯೆ ಅಡುಗೆಮನೆಯಿಂದ ಕೂಗಿದ್ದು ಅಡುಗೆಮನೆಯಲ್ಲೇ ಉಳಿದುಬಿಡುತ್ತಿತ್ತು. ಕೆಳಗಿನ ಪೇಟೆಯಲ್ಲಿ ಕಿವಿ ಡಾಕ್ಟರಿದ್ದಾರೆ, ಬಸ್ಸಿನಲ್ಲಿ ಅರ್ಧ ಗಂಟೆ, ಅಲ್ಲಿ ಕೂತರೆ ಹತ್ತು ನಿಮಿಷದ ಕೆಲಸ ಎಂದು ಅವಳು ಹೇಳಿ ಹೇಳಿ ಸಾಕಾಗಿದ್ದಳು. ತೋಕುಜಿ ಮಾತ್ರ ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ.

ಅದಕ್ಕೆ ಅವನದೇ ಒಂದು ಕಾರಣವಿತ್ತು. ಕೇಳಿದರೆ ನಗು ಬರುತ್ತದೆ, ನಕ್ಕಾದ ಮೇಲೆ ಸ್ವಲ್ಪ ಚಳಿಯೂ ಆಗುತ್ತದೆ. ನಮ್ಮೂರು ಕುವನೊಸಾವಾದಲ್ಲಿ ಒಂದೇ ವರ್ಷ ಹುಟ್ಟಿದವರೆಂದರೆ ಒಂದೇ ಬಳ್ಳಿಯ ಕಾಯಿಗಳು. ಒಬ್ಬ ಸತ್ತರೆ ಒಂಟಿಯಾಗಿ ಹೋಗಲು ಮನಸ್ಸು ಬರದೆ ಉಳಿದವರನ್ನು ಕರೆಯುತ್ತಾನೆ. ಆದ್ದರಿಂದ ಸುದ್ದಿ ಕಿವಿಗೆ ಬೀಳುವ ಮೊದಲೇ ಯಾರಾದರೂ ಬಂದು, ಅಂಟಕ್ಕಿ ಬೇಯಿಸಿ ಕುಟ್ಟಿದ ಮುದ್ದೆ ಎರಡನ್ನು ಓರಗೆಯವನ ಎರಡೂ ಕಿವಿಗೆ ಒತ್ತಬೇಕು. 'ಕೆಟ್ಟದ್ದು ಕೇಳದಿರಲಿ, ಒಳ್ಳೆಯದೇ ಕೇಳಲಿ' ಎಂದು ಮೂರು ಸಲ ಹೇಳಬೇಕು. ಆಮೇಲೆ ಅವನು ಆ ಮುದ್ದೆಯನ್ನು ಹೊಳೆಗೆ ಎಸೆದು ತಿರುಗಿ ನೋಡದೆ ಮನೆಗೆ ಬರಬೇಕು. ಬರಿಗಿವಿಯಲ್ಲಿ ಕರೆ ಕೇಳಿಸಿಕೊಂಡವನು ವರ್ಷ ತುಂಬುವುದರೊಳಗೆ ಹಿಂದೆಯೇ ಹೊರಡುತ್ತಾನೆ.

ನಮ್ಮ ಪಂಚಾಂಗದಲ್ಲಿ ವರ್ಷಕ್ಕೊಂದು ಪ್ರಾಣಿ; ತೋಕುಜಿಯ ಮೊಲದ ವರ್ಷದಲ್ಲಿ ಹುಟ್ಟಿದವರು ಹದಿನೇಳು ಜನ. ಈಗ ಉಳಿದವರು ಇಬ್ಬರೇ, ತೋಕುಜಿ ಮತ್ತು ಸೇತುವೆಯಾಚೆಯ ಕಿಸಾಕು.

"ಆ ಹದಿನೈದು ಜನಕ್ಕೂ ಕಿವಿ ಚೆನ್ನಾಗೇ ಕೇಳಿಸ್ತಿತ್ತು. ಎಲ್ಲಿದ್ದಾರೆ ಈಗ?" ಎಂದು ತೋಕುಜಿ ವಾದ ಹೂಡುತ್ತಿದ್ದ. "ನನ್ನ ಕಿವಿಗೆ ದೇವರೇ ಮುದ್ದೆ ಒತ್ತಿದ್ದಾನೆ. ನಾನಾಗಿ ಹೋಗಿ ಅದನ್ನ ತೆಗಿಸ್ಕೊಂಡು ಬರ್ಲಾ?"

ಫುಸಾಯೆ ಕೊಟ್ಟ ಉತ್ತರ ಅವನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು.

ನವೆಂಬರಿನ ಒಂದು ಬೆಳಿಗ್ಗೆ, ರಾತ್ರಿಯೆಲ್ಲ ಮಳೆ ಹೊಯ್ದು ನಿಂತ ಮೇಲೆ, ತೋಕುಜಿ ಹೊಲದಲ್ಲಿ ಬಗ್ಗಿ ಮೂಲಂಗಿ ಕೀಳುತ್ತಿದ್ದ. ಇದ್ದಕ್ಕಿದ್ದಂತೆ ಹಿಂದಿನಿಂದ ಯಾವುದೋ ಪ್ರಾಣಿ ಅವನ ತಲೆಯನ್ನು ಎರಡೂ ಕಡೆಯಿಂದ ಗಟ್ಟಿಯಾಗಿ ಹಿಡಿದುಕೊಂಡಿತು. ಕಿವಿಗಳಿಗೆ ಬಿಸಿಬಿಸಿಯಾಗಿ, ಮೆತ್ತಗೆ ಏನೋ ಮೆತ್ತಿಕೊಂಡಿತು. ಮೂಲಂಗಿ ಕದಿಯಲು ಬರುವ ಮಂಗವೇ ಹೆಗಲೇರಿದೆ ಎಂದುಕೊಂಡ ತೋಕುಜಿ ಕೈಯಲ್ಲಿದ್ದ ಮೂಲಂಗಿಯನ್ನೇ ಎತ್ತಿ ತಿರುಗಿದ. ನೋಡಿದರೆ ಮಂಗವಲ್ಲ, ಪಕ್ಕದ ಮನೆಯ ಮಿತ್ಸು ಅಜ್ಜಿ. ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದಾಳೆ. ಒಂದು ಸಲ, ಎರಡು ಸಲ, ಮೂರು ಸಲ.

ಮೂಲಂಗಿ ಅವನ ಕೈಯಿಂದ ಜಾರಿತು. ಕಿವಿಗೆ ಮುದ್ದೆ ಬಂತೆಂದರೆ ಅರ್ಥ ಒಂದೇ, ಮತ್ತು ಅವನ ಪಾಲಿಗೆ ಉಳಿದಿದ್ದ ಹೆಸರೂ ಒಂದೇ.

ಕಿಸಾಕು ಹೋದ. ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಮರದಿಂದ ಬಿದ್ದವರು. ಹೋದ ವಾರವಷ್ಟೇ ಕಿಸಾಕು ಬೇಲಿಯ ಹತ್ತಿರ ನಿಂತು ಕೈ ಬಾಯಿ ತಿರುಗಿಸಿ ಬಹಳ ಹೊತ್ತು ಏನೋ ಹೇಳಿದ್ದ. ಒಂದಕ್ಷರವೂ ಕೇಳಿಸದಿದ್ದರೂ ತೋಕುಜಿ ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದ್ದ. ಏನು ಹೇಳಿದನೋ ಪಾಪ, ಇನ್ನು ಕೇಳುವುದು ಯಾರನ್ನು?

ಮಿತ್ಸು ಅಜ್ಜಿ ಹೊಳೆಯ ಕಡೆ ಬೆರಳು ತೋರಿಸಿದಳು. ಹೊಸ ವರ್ಷದ ಹಬ್ಬದಿಂದ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ್ದ ಮುದ್ದೆಯನ್ನು ಅವಳು ಬಿಸಿ ಮಾಡಿದ್ದು ಸ್ವಲ್ಪ ಅತಿಯಾಗಿತ್ತು. ಹೊಳೆಯ ದಂಡೆಯಲ್ಲಿ ತೋಕುಜಿ ಎಳೆದರೆ ಹೊರಗಿನ ಅರ್ಧ ಮಾತ್ರ ನೂಲುನೂಲಾಗಿ ಬಂತು. ಒಳಗಿನ ಅರ್ಧ ಗುಗ್ಗೆಯ ಜೊತೆ ನೆಂಟಸ್ತನ ಬೆಳೆಸಿ ಅಲ್ಲೇ ಕೂತಿತು. ಬಂದಷ್ಟನ್ನು ನೀರಿಗೆ ಎಸೆದು, "ಕಿಸಾಕು, ಹುಷಾರಾಗಿ ಹೋಗಪ್ಪಾ, ನನ್ನ ದಾರಿ ಕಾಯ್ಬೇಡ" ಎಂದ.

ಅವನ ಮಾತು ಬಾಯಿಂದ ಹೊರಗೆ ಹೋಗಲಿಲ್ಲ. ಹಾಳುಬಾವಿಯ ತಳದಿಂದ ಬೇರೆ ಯಾರೋ ಅದನ್ನೇ ಹೇಳಿದ ಹಾಗೆ ತಲೆಯೊಳಗೆ ಗುಂಯ್ ಎಂದಿತು. *ನನ್ನ ದಾರಿ ಕಾಯ್ಬೇಡ.*

ತೋಕುಜಿ ತಿರುಗಿ ನೋಡದೆ ಹೊರಟ. ನಾಲ್ಕು ಹೆಜ್ಜೆ ಹಾಕುವುದರೊಳಗೆ ಅವನ ಬೆನ್ನು ತಣ್ಣಗಾಯಿತು. ಹಿಂದೆ ಯಾರೋ ಬರುತ್ತಿದ್ದರು. ಧಬ್, ಧಬ್, ಧಬ್. ಎರಡು ತಿಂಗಳಿಂದ ಲಾರಿ ಹೋದರೂ ಕೇಳಿಸದ ಕಿವಿಗೆ ಆ ಹೆಜ್ಜೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವನು ನಿಂತ. ಅದೂ ನಿಂತಿತು. ಅವನು ಒಂದು ಹೆಜ್ಜೆ ಇಟ್ಟ. ಅದೂ ಒಂದೇ ಹೆಜ್ಜೆ ಇಟ್ಟಿತು. ಜೊತೆಗೆ ಉಸಿರು ಬೇರೆ, ಕುತ್ತಿಗೆಯ ಹತ್ತಿರವೇ, ಮೇಲುಬ್ಬಸ ಬಂದವರ ಹಾಗೆ. ಕಿಸಾಕುವಿಗೆ ಉಬ್ಬಸವಿತ್ತು.

ತೋಕುಜಿ ಓಡಿದ. ಮಂಡಿನೋವೆಂದು ದೇವಸ್ಥಾನದ ಮೆಟ್ಟಿಲನ್ನೂ ಹತ್ತದ ಮನುಷ್ಯ ಜೀವ ಕೈಯಲ್ಲಿ ಹಿಡಿದುಕೊಂಡು ಏರುದಾರಿಯಲ್ಲಿ ಓಡಿದ. ಅವನು ಓಡಿದಷ್ಟೂ ಹಿಂದಿನದೂ ಓಡಿತು. ಮನೆಯ ಬಾಗಿಲು ದಾಟಿ ಒಳಗೆ ಬಿದ್ದ ಮೇಲೂ ಆ ಏದುಸಿರು ಅವನನ್ನು ಬಿಡಲಿಲ್ಲ, ಅದೂ ಹೊಸಿಲು ದಾಟಿತ್ತು.

ಫುಸಾಯೆ ಚಹಾ ತಂದಿಟ್ಟಳು, ಪಕ್ಕದಲ್ಲಿ ಎರಡು ಹೋಳು ಉಪ್ಪಿನಲ್ಲಿಟ್ಟ ಮೂಲಂಗಿ. ತೋಕುಜಿ ಒಂದು ಹೋಳು ಬಾಯಿಗೆ ಹಾಕಿ ಕಚ್ಚಿದ. ಕಿವಿಯ ಪಕ್ಕದಲ್ಲೇ ಕುಳಿತು ಯಾರೋ ಕರಕರ ಅಗಿದರು. ಅವನು ಅಗಿಯುವುದನ್ನು ನಿಲ್ಲಿಸಿದ. ಅವರೂ ನಿಲ್ಲಿಸಿದರು. ಅವನು ತಟ್ಟೆಯನ್ನು ಖಾಲಿ ಜಾಗದ ಕಡೆ ಸರಿಸಿ, "ತಗೋಪ್ಪಾ, ಇನ್ನೊಂದು ಹೋಳಿದೆ. ಕದ್ದು ತಿನ್ಬೇಡ" ಎಂದು ಕೂಗಿದ.

ಫುಸಾಯೆ ತನಗೆಂದು ಎತ್ತಿಕೊಂಡಿದ್ದ ಚಹಾದ ಬಟ್ಟಲು ಕೈಯಿಂದ ಬಿತ್ತು. ಬಿದ್ದ ಸದ್ದು ಅವನಿಗೆ ಕೇಳಿಸಲಿಲ್ಲ.

ಹತ್ತು ನಿಮಿಷದಲ್ಲಿ ಮನೆ ತುಂಬಿತು. ನಮ್ಮೂರಲ್ಲಿ ಒಬ್ಬನ ಕಿವಿ ಕೆಟ್ಟರೆ ಎಲ್ಲರ ಬಾಯಿಗೂ ಕೆಲಸ ಸಿಗುತ್ತದೆ. ಕೇರಿಯ ಮುಖಂಡ ಸೆಗಾವಾ ಬಂದ. ಊರಿನ ಧ್ವನಿವರ್ಧಕದಲ್ಲಿ ಸಾವು, ಬೆಂಕಿ, ಕರಡಿ ಮೂರನ್ನೂ ಸಾರುವ ಅಧಿಕಾರ ಅವನದು. ಮಿತ್ಸು ಅಜ್ಜಿಯಿಂದ ಸುದ್ದಿ ಕೇಳಿ ಕಿಸಾಕುವಿನ ಸಾವನ್ನು ಸಾರಲು ಹೊರಟವನು ಗಲಾಟೆ ಕಂಡು ಇಲ್ಲಿ ಹೊಕ್ಕಿದ್ದ. ಸಾರುವ ಮೊದಲು ಸಾವಿನ ಮನೆಗೆ ಯಾರೂ ಹೋಗುವ ಹಾಗಿಲ್ಲ, ಆದ್ದರಿಂದ ಕೈ ಖಾಲಿಯಿದ್ದ ಜನವೆಲ್ಲ ತೋಕುಜಿಯ ಮನೆಗೇ ಬಂತು.

ಮೊದಲು ಫುಸಾಯೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಗ್ಗೆ ತೆಗೆಯುವ ಬಿದಿರುಕಡ್ಡಿ ಹಾಕಿದಳು. ಕಡ್ಡಿಯ ತುದಿ ಅಂಟಿಕೊಂಡು, ಎಳೆದರೆ ತೋಕುಜಿಯ ತಲೆಯೇ ಎದ್ದು ಬಂತು. ಸೆಗಾವಾ ಕ್ಯಾಮೆಲಿಯಾ ಬೀಜದ ಎಣ್ಣೆ ತರಿಸಿದ.

"ಎಣ್ಣೆ ಬಿಟ್ರೆ ಜಾರಿ ಬರುತ್ತೆ. ನಮ್ಮಪ್ಪ ತುಕ್ಕು ಹಿಡಿದ ಬೀಗಕ್ಕೂ ಇದನ್ನೇ ಬಿಡ್ತಿದ್ರು," ಎಂದ.

"ಅದು ಬೀಗ, ಇದು ನನ್ನ ಗಂಡ," ಎಂದಳು ಫುಸಾಯೆ.

"ವ್ಯತ್ಯಾಸ ಏನಮ್ಮಾ, ಎರಡೂ ತೆರೀತಿಲ್ಲ."

ಎಣ್ಣೆ ಇಳಿಯಿತು, ಮುದ್ದೆ ಇಳಿಯಲಿಲ್ಲ. ಈಗ ತೋಕುಜಿಗೆ ಹೆಜ್ಜೆ, ಉಸಿರು ಸಾಲದೆಂದು ಇನ್ನೊಂದು ಸದ್ದೂ ಶುರುವಾಯಿತು: ಢಬ್... ಢಬ್... ಢಬ್... ಯಾರೋ ದೂರದಲ್ಲಿ ಮರದ ಒರಳಿಗೆ ಅಕ್ಕಿ ಹಾಕಿ ಕುಟ್ಟುತ್ತಿದ್ದ ಹಾಗೆ, ಅವಸರವಿಲ್ಲದೆ, ಬೆಳಗಾಗುವುದರೊಳಗೆ ಮುಗಿಸಿದರೆ ಸಾಕು ಎಂಬಂತೆ.

ಮಿತ್ಸು ಅಜ್ಜಿ ಅವನ ಮುಖ ನೋಡಿ, ಎಲ್ಲ ಅರ್ಥವಾದವಳ ಹಾಗೆ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ದೊಡ್ಡದಾಗಿ ಬರೆದು ತೋರಿಸಿದಳು: 'ನಾನು ಬರೋದು ತಡವಾಯ್ತು. ಕಿಸಾಕು ಆಗ್ಲೇ ಒಳಗೆ ಹೊಕ್ಕಿದ್ದ. ಆಮೇಲೆ ಬಾಗ್ಲು ಮುಚ್ಚಿದೀನಿ.'

ಕಳ್ಳನನ್ನು ಒಳಗಿಟ್ಟು ಬೀಗ ಹಾಕಿದ ಕತೆ. ತೋಕುಜಿ ಅದನ್ನು ಎರಡು ಸಲ ಓದಿದ. ಕಿವಿ ಮುಚ್ಚಿದ್ದರೆ ಸತ್ತವನು ಒಳಗೆ, ತೆಗೆದರೆ ಅವನ ಕರೆ ಕಿವಿಗೆ. ಹೊರಗೆ ನಿಂತು ಕರೆಯುವವನಿಗಿಂತ ಒಳಗೆ ಕೂತು ಮೂಲಂಗಿ ತಿನ್ನುವವನು ಹೆಚ್ಚು ಅಪಾಯ ಎಂದು ತೀರ್ಮಾನಿಸಿ, ಎರಡು ತಿಂಗಳ ಹಟ ಬಿಟ್ಟು, ತಾನಾಗಿ ಎದ್ದು ಚಪ್ಪಲಿ ಹುಡುಕಿದ. ಸೆಗಾವಾ ತನ್ನ ಪುಟ್ಟ ಟ್ರಕ್ಕು ತೆಗೆದ. ಫುಸಾಯೆಯೂ ಹತ್ತಿದಳು. ಸಾವು ಸಾರುವ ಕೆಲಸ ಹಾಗೇ ಉಳಿಯಿತು.

ಕಿವಿ ಡಾಕ್ಟರು ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ಪಟ್ಟಣದ ಕಡೆಯವಳು. ದೀಪ ಹಿಡಿದು ಒಳಗೆ ಇಣುಕಿದಳು. ಮೆತ್ತಗಾಗಲು ಔಷಧಿ ಬಿಟ್ಟಳು, ಬೆಚ್ಚನೆ ನೀರು ಹಾಯಿಸಿದಳು, ಸಣ್ಣ ನಳಿಕೆಯಿಂದ ಎಳೆದಳು. ಹುಣಸೆಬೀಜದ ಗಾತ್ರದ ಕಂದುಬಿಳಿ ಉಂಡೆಯೊಂದು ತಟ್ಟೆಗೆ ಬಿತ್ತು. ಇನ್ನೊಂದು ಕಿವಿಯಿಂದ ಅದರ ಜೋಡಿ.

ತೋಕುಜಿಗೆ ಮೊದಲು ಕೇಳಿಸಿದ್ದು ಡಾಕ್ಟರ ದನಿ. "ಇದು ಅನ್ನ ಅಲ್ವಾ?"

"ಮುದ್ದೆ," ಎಂದಳು ಫುಸಾಯೆ.

"ಅಜ್ಜಾ, ಇನ್ಮೇಲೆ ಬಾಯಲ್ಲೇ ತಿನ್ನಿ. ಕಿವಿಯಿಂದ ಇದು ಹೊಟ್ಟೆಗೆ ಹೋಗಲ್ಲ."

ತೋಕುಜಿ ಹೆಜ್ಜೆಯ ವಿಷಯ ಹೇಳಿದ, ಉಸಿರಿನದು ಹೇಳಿದ, ಒರಳಿನ ಸದ್ದನ್ನೂ ಹೇಳಿದ. ಡಾಕ್ಟರು ನಗದೆ ಕೇಳಿದಳು. "ನೀವೇ ಬೆರಳಿಂದ ಕಿವಿ ಮುಚ್ಚಿ ನಡೆದು ನೋಡಿ. ಕಿವಿ ಮುಚ್ಚಿದ್ರೆ ನಿಮ್ಮ ಸದ್ದು ಎಲುಬಿನಿಂದ ಬಂದು ಒಳಗೇ ಸುತ್ತುತ್ತೆ. ಆ ಹೆಜ್ಜೆ ನಿಮ್ದೇ. ಉಸಿರೂ ನಿಮ್ದೇ. ಕುಟ್ಟಿದ್ದು ನಿಮ್ಮ ಎದೆ. ಬೇರೆ ಯಾರೂ ಇರ್ಲಿಲ್ಲ. ವಯಸ್ಸಿನ ಮಂದ ಸ್ವಲ್ಪ ಇದ್ದೇ ಇರುತ್ತೆ, ಅದಕ್ಕೆ ಯಂತ್ರ ಹಾಕ್ಕೋಬಹುದು. ಆದ್ರೆ ಗುಗ್ಗೆ ಕಟ್ಟೋತನಕ ಕಾಯ್ಬೇಡಿ, ಮನೇಲಿ ಕೆದಕಲೂ ಬೇಡಿ."

ತೋಕುಜಿ ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆದ. ಹಿಂದೆ ಯಾರೂ ಇರಲಿಲ್ಲ. ಹೊರಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಮಗುವೊಂದು ರಚ್ಚೆ ಹಿಡಿದಿತ್ತು, ಕಾಗೆ ಕೂಗುತ್ತಿತ್ತು. ಅವನಿಗೆ ಅಳು ಬಂತು. ಎರಡು ತಿಂಗಳು ಇಷ್ಟನ್ನೆಲ್ಲ ಬಿಟ್ಟುಕೊಟ್ಟು ಕೂತಿದ್ದೆನಲ್ಲ ಎನಿಸಿತು. ಫುಸಾಯೆಯ ದನಿ ಒಡೆದು ಬೇರೆಯೇ ಆಗಿತ್ತು.

"ನಿನ್ನ ಗಂಟಲಿಗೇನಾಯ್ತೇ?"

"ಎರಡು ತಿಂಗಳಿಂದ ನಿಮ್ಮ ಜೊತೆ ಮಾತಾಡ್ತಿದ್ದೆ," ಎಂದಳು.

ವಾಪಸು ಬರುವಾಗ ಟ್ರಕ್ಕಿನಲ್ಲಿ ತೋಕುಜಿ ದೊಡ್ಡ ವಿಚಾರವಾದಿಯಾಗಿದ್ದ. ಮುದ್ದೆಯೂ ಸುಳ್ಳು, ಕರೆಯೂ ಸುಳ್ಳು, ನಮ್ಮೂರ ಜನ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು, ಎಂದೆಲ್ಲ ಸೆಗಾವಾನಿಗೆ ಉಪದೇಶ ಮಾಡಿದ. ಕಿಸಾಕುವಿನ ಮುಖ ಕೊನೆಯ ಸಲ ನೋಡಬೇಕು, ಹೆದರಿ ಅವನನ್ನೇ ಪಿಶಾಚಿ ಮಾಡಿದ್ದಕ್ಕೆ ಕ್ಷಮೆ ಕೇಳಬೇಕು ಎಂದು ಸೇತುವೆಯ ಹತ್ತಿರ ಒಬ್ಬನೇ ಇಳಿದುಕೊಂಡ. ಫುಸಾಯೆ ಕಪ್ಪು ಉಡುಪು ತೆಗೆದಿಡಲು ಮನೆಗೆ ಹೋದಳು.

ಹೊತ್ತು ಇಳಿಯುತ್ತಿತ್ತು. ಕಿಸಾಕುವಿನ ಮನೆ ಸಾವಿನ ಮನೆಯ ಹಾಗೆ ಕಾಣಲಿಲ್ಲ. ಬಾಗಿಲಲ್ಲಿ ದೀಪವಿಲ್ಲ, ಮೆಟ್ಟಿಲಲ್ಲಿ ಚಪ್ಪಲಿಗಳ ರಾಶಿಯಿಲ್ಲ, ಊದುಬತ್ತಿಯ ವಾಸನೆಯಿಲ್ಲ. ಜಗಲಿಯಲ್ಲಿ ಬೆಳ್ಳಗಿನ ಒಬ್ಬ ಮನುಷ್ಯ ಕೂತು ಪರ್ಸಿಮನ್ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದ. ಅವನ ಎರಡೂ ಕಿವಿಯ ಜಾಗದಲ್ಲಿ ಬಿಳಿಯ ಗಡ್ಡೆಗಳಿದ್ದವು.

ತೋಕುಜಿಯ ವಿಚಾರವಾದ ಅಲ್ಲೇ ಮುಗಿಯಿತು. ಕಾಲು ನೆಲಕ್ಕೆ ಕಚ್ಚಿಕೊಂಡಿತು. ಬಿಳಿಯ ಮನುಷ್ಯ ತಲೆಯೆತ್ತಿ ಇವನನ್ನು ನೋಡಿ, ಇವನಿಗಿಂತ ಹೆಚ್ಚು ಬಿಳಿಚಿಕೊಂಡ. ಮೆಲ್ಲಗೆ ಒಂದು ಹಣ್ಣು ಎತ್ತಿಕೊಂಡು ಗುರಿಯಿಟ್ಟು ಎಸೆದ. ಅದು ತೋಕುಜಿಯ ಹಣೆಗೆ ಬಡಿಯಿತು.

"ತಾಗ್ತು," ಎಂದ ಕಿಸಾಕು. "ಹಾಯ್ದು ಹೋಗ್ಲಿಲ್ಲ. ಹಾಗಾದ್ರೆ ನೀನು ಸತ್ತಿಲ್ಲ."

"ಸತ್ತವನು ನೀನಲ್ವೇನೋ?"

ಕಿಸಾಕು ಕಿವಿಯಿಂದ ಮುದ್ದೆಗಳನ್ನು ಕಿತ್ತು ತಟ್ಟೆಯಲ್ಲಿಟ್ಟ. "ಏನಂದೆ? ಇವು ಒಣಗಿ ಕಲ್ಲಾಗಿವೆ. ಬೆಳಿಗ್ಗೆ ನಿನ್ನ ಹೆಸರಲ್ಲಿ ಸೊಸೆ ಹತ್ರ ಕುಟ್ಟಿಸಿದ್ದು. ಹೊಳೆಗೆ ಎಸೆಯೋಕೆ ಮನಸ್ಸು ಬರ್ಲಿಲ್ಲ ಕಣೋ. ನೀನು ಕೊನೇವ್ನು."

ತೋಕುಜಿಗೆ ಎಲ್ಲ ಹೊಳೆಯಿತು. ನವೆಂಬರಿನ ಹಬ್ಬವಿಲ್ಲದ ಬರೀ ದಿನದಲ್ಲಿ ಈ ಮನೆಯಲ್ಲಿ ಮುದ್ದೆ ಕುಟ್ಟುವುದನ್ನು ಮಿತ್ಸು ಅಜ್ಜಿ ಕಂಡಿದ್ದಾಳೆ. ಮದುವೆಯಾಗುವವರು ಇಲ್ಲಿ ಯಾರೂ ಇಲ್ಲ, ಹಾಗಾದರೆ ಸಾವೇ ಎಂದು, ಧ್ವನಿವರ್ಧಕಕ್ಕಿಂತ ಮೊದಲು ತಲುಪಲು ಓಡಿಬಂದಿದ್ದಾಳೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಬದುಕಿರುವ ಕಿಸಾಕುವಿನ ಹೆಗಲ ಮೇಲೆ ಕೈ ಹಾಕಿ ಕೂತಾಗ ಅವನಿಗಾದ ಸಂತೋಷ ಇಷ್ಟಿಷ್ಟಲ್ಲ.

"ಅಲ್ಲ, ನಾನು ಸತ್ತೆ ಅಂತ ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ, ಅದಕ್ಕೇ ಅನುಮಾನ ಬಂತು," ಎಂದ ಕಿಸಾಕು. "ಎರಡು ತಿಂಗಳಿಂದ ದಿನಾ ಬರೋರು ನಿನ್ನೆ ಬರ್ಲಿಲ್ಲ. ಬೇಲಿ ಹತ್ರ ನಿಂತು ಎಲ್ಲಾ ವಿವರವಾಗಿ ಹೇಳಿದ್ನಲ್ಲೋ. ನೀನೂ ತಲೆ ಆಡಿಸಿದೆ."

"ಕೇಳಿಸಿರ್ಲಿಲ್ಲ. ಯಾರು ಬರೋರು?"

"ನಮ್ಮವರೇ. ಹದಿನೈದು ಜನಾನೂ," ಎಂದ ಕಿಸಾಕು, ಹಾಲಿನವನ ವಿಷಯ ಹೇಳುವ ಹಾಗೆ. "ಮೊದ್ಲು ನಿಮ್ಮನೆ ಮುಂದೆ ನಿಂತು ನಿನ್ನ ಹೆಸರು ಕೂಗ್ತಾರೆ. ನಿಂಗೆ ಕೇಳ್ಸಲ್ಲ. ಆಮೇಲೆ ಸೇತುವೆ ದಾಟಿ ನನ್ನ ಕಿಟಕಿಗೆ ಬಂದು ದೂರು ಹೇಳ್ತಾರೆ. ಹಗ್ಗಜಗ್ಗಾಟಕ್ಕೆ ಒಬ್ಬ ಕಮ್ಮಿಯಂತೆ. ಒಂದು ಕಡೆ ಎಂಟು, ಇನ್ನೊಂದು ಕಡೆ ಏಳು. ಒಬ್ಬ ಸಿಕ್ಕಿದ್ರೆ ಸಾಕಂತೆ. ನಾನು ಇಷ್ಟು ದಿನ ತೋಕುನೇ ಕರೀರಪ್ಪಾ, ಅವನು ತೋಳಲ್ಲಿ ಗಟ್ಟಿ ಅಂತ ಹೇಳ್ತಾ ಬಂದೆ. ಮೊನ್ನೆ ಮೊನ್ನೆಯಿಂದ ಅವರಿಗೂ ಬೇಜಾರಾಗಿ, ಅವನಿಗೆ ಕೇಳಿಸ್ದೇ ಇದ್ರೆ ನೀನೇ ಬಾ ಅಂತ ಶುರು ಮಾಡಿದ್ರು. ನಿನ್ನೆ ಬರ್ದೇ ಇದ್ದಾಗ, ಸರಿ, ತೋಕುಗೆ ಕೇಳಿಸ್ತು, ಹೋದ ಅಂದ್ಕೊಂಡೆ."

ತೋಕುಜಿ ಅವನ ಹೆಗಲ ಮೇಲಿನ ಕೈ ತೆಗೆದ. "ನಿನ್ನೆ ರಾತ್ರಿ ಮಳೆ ಇತ್ತಲ್ಲೋ."

"ಹೌದಲ್ವಾ," ಎಂದ ಕಿಸಾಕು ಆಕಾಶ ನೋಡಿ. "ಮಳೆಗೆ ಬಂದಿರ್ಲಿಕ್ಕಿಲ್ಲ." ಆಮೇಲೆ ಏನೋ ಹೊಳೆದವನಂತೆ ತೋಕುಜಿಯ ಕಡೆ ತಿರುಗಿದ. "ತಡಿ. ನಾನು ಮೆಲ್ಲಗೆ ಮಾತಾಡ್ತಿದೀನಿ. ನಿಂಗೆ ಎಲ್ಲಾ ಹೇಗೆ ಕೇಳಿಸ್ತಿದೆ?"

"ಕಿವಿ ಕ್ಲೀನ್ ಮಾಡಿಸ್ಕೊಂಡು ಬಂದೆ."

"ಎರಡೂನೂ?"

"ಎರಡೂನೂ."

ಕಿಸಾಕು ಹೆರೆಯುತ್ತಿದ್ದ ಹಣ್ಣನ್ನು ಕೆಳಗಿಟ್ಟ. ಅವನ ಮುಖದಲ್ಲಿ ಮರುಕವೂ ಇತ್ತು, ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ನೆಮ್ಮದಿಯೂ ಇತ್ತು, ಎರಡಕ್ಕೂ ಸೇರಿ ನಾಚಿಕೆಯೂ ಇತ್ತು. ಜನ್ಮದಲ್ಲಿ ಯಾರಿಗೂ ಒಂದು ಹಣ್ಣು ಕೊಡದ ಮನುಷ್ಯ ಚೀಲದ ತುಂಬ ಪರ್ಸಿಮನ್ ತುಂಬಿ ತೋಕುಜಿಯ ಕೈಗಿಟ್ಟ. ಆಮೇಲೆ ತಟ್ಟೆಯಲ್ಲಿದ್ದ ಮುದ್ದೆಗಳಿಗೆ ನೀರು ಚಿಮುಕಿಸಿ, ಹದಮಾಡಿ, ಒಂದೊಂದಾಗಿ ಮತ್ತೆ ಕಿವಿಗೆ ಒತ್ತಿಕೊಂಡ.

"ಏನೋ ಮಾಡ್ತಿದೀಯ?"

"ಸಂಜೆ ಆಯ್ತಲ್ಲ," ಎಂದ ಕಿಸಾಕು ಅವನನ್ನು ನೋಡದೆ. "ಚಳಿ."

ತೋಕುಜಿ ಚೀಲ ಎತ್ತಿಕೊಂಡು ಹೊರಟ. ಇದೆಲ್ಲ ಮುದುಕನ ಭ್ರಮೆ, ಒಂಟಿಯಾಗಿ ಮಲಗುವವನಿಗೆ ಏನೇನೋ ಕೇಳಿಸುತ್ತದೆ, ಡಾಕ್ಟರು ಅಷ್ಟು ಬಿಡಿಸಿ ಹೇಳಿದ್ದಾಳೆ, ಎಂದು ತನಗೆ ತಾನೇ ಹೇಳಿಕೊಂಡ. ಸೇತುವೆಯ ಮೇಲೆ ಬೇಕೆಂದೇ ನಿಂತ, ಬೇಕೆಂದೇ ನಡೆದ. ಹಿಂದೆ ಹೆಜ್ಜೆಯ ಸದ್ದಿರಲಿಲ್ಲ. ಕೆಳಗೆ ಹೊಳೆ ಮಾತ್ರ ಕೇಳಿಸುತ್ತಿತ್ತು. ಸೇತುವೆ ಮುಗಿಯುವ ಹೊತ್ತಿಗೆ ಅವನಿಗೆ ಧೈರ್ಯ ಬಂದಿತ್ತು, ಹಸಿವೂ ಆಗಿತ್ತು.

ಆಗ ಮುಂದಿನಿಂದ, ಯಾರೂ ಇಲ್ಲದ ದಾರಿಯ ತಿರುವಿನಿಂದ, "ತೋಕೂ" ಎಂದು ಕರೆದದ್ದು ಕೇಳಿಸಿತು.

ಹಾಗೆ ಕರೆಯುತ್ತಿದ್ದವರು ಶಾಲೆಯಲ್ಲಿ ಜೊತೆಗಿದ್ದವರು ಮಾತ್ರ. ಎರಡು ತಿಂಗಳ ಅಭ್ಯಾಸ ತೋಕುಜಿಯ ಕೈ ಬಿಡಲಿಲ್ಲ. ಅವನು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಖಾಲಿ ದಾರಿಯ ಕಡೆ ಮುಖ ಮಾಡಿ, ಶುದ್ಧ ಕಿವುಡನ ಹಾಗೆ ಕೂಗಿದ: "ಹಾಂ? ಏನಂದ್ರಿ? ನಂಗೆ ಕಿವಿ ಕೇಳ್ಸಲ್ಲ ಕಣ್ರಪ್ಪಾ."

ತಿರುವಿನಲ್ಲಿ ಒಂದು ಕ್ಷಣ ಗುಸುಗುಸು ನಡೆಯಿತು. ಬಳಿಕ ಬಂದ ದನಿ ಹತ್ತು ವರ್ಷದ ಹುಡುಗನದು, ಒಂದಕ್ಷರವೂ ಮಸುಕಾಗದೆ ಕೇಳಿಸಿತು.

"ನಾಟಕ ಆಡ್ಬೇಡ ತೋಕು, ಹಗ್ಗ ಹಿಡ್ಕೊಂಡು ಕಾಯ್ತಿದೀವಿ. ನಿನ್ನ ಕಿವಿ ಚೊಕ್ಕಟ ಆಗಿದೆ ಅಂತ ಕಿಸಾಕು ಈಗ್ತಾನೆ ಹೇಳಿ ಕಳ್ಸಿದ."